ಮೆಲ್ಬರ್ನ್‌ನಲ್ಲಿ ಚೈನೀಸ್ ಹುಡುಗ್ರ ಫುಟ್ಬಾಲ್ ಟೂರ್ನಮೆಂಟಿಗೆ ಸ್ಪಾನ್ಸರ್ ಹಿಡಿಯೋದು ಹೇಗೆ: ಚಂದಾ ಪುಸ್ತಕ ಮನೇಲಿಟ್ಟು ಹೊರಡಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ಚೈನೀಸ್ ಅಲ್ಲ, ದಾವಣಗೆರೆ ಕಡೆಯವನು, ಫುಟ್ಬಾಲೂ ಅಷ್ಟಕ್ಕಷ್ಟೇ. ಮೆಲ್ಬರ್ನ್‌ನ ಪೂರ್ವ ಭಾಗದಲ್ಲಿ ಬಾಕ್ಸ್ ಹಿಲ್, ಗ್ಲೆನ್ ವೇವರ್ಲಿ, ಡಾಂಕಾಸ್ಟರ್ ಅಂತ ಏರಿಯಾಗಳಿವೆ, ಅಂಗಡಿ ಬೋರ್ಡುಗಳು ಅರ್ಧಕ್ಕರ್ಧ ಚೈನೀಸಲ್ಲೇ ಇರ್ತವೆ, ಅಲ್ಲಿನ ಒಂದು ವೀಕೆಂಡ್ ಟೀಮಿನ ಕ್ಯಾಪ್ಟನ್ ನಮ್ಮ ಆಫೀಸಿನವನು. "ಗೋಲ್‌ಕೀಪರ್ ಇಲ್ಲ, ಬಾ" ಅಂತ ಕರ್ಕೊಂಡೋದ. ಎರಡು ಮ್ಯಾಚ್ ಆದ್ಮೇಲೆ "ನೀನು ಗೋಲ್ ಹಿಡಿಯೋದು ಬೇಡ, ಲೆಕ್ಕ ಹಿಡಿ" ಅಂದ. ಹಂಗೆ ಟ್ರೆಷರರ್ ಆದವನು ಇವತ್ತಿಗೂ ಬಿಡಿಸ್ಕೊಳ್ಳೋಕೆ ಆಗಿಲ್ಲ.

ಮೊದಲನೇ ವರ್ಷ ಸ್ಪಾನ್ಸರ್ ಕೇಳೋಕೆ ಹೋದಾಗ ನನ್ನ ತಲೇಲಿ ಇದ್ದಿದ್ದು ಗಣೇಶನ ಚಂದಾ. ಊರಲ್ಲಿ ಏನ್ ಮಾಡ್ತಿದ್ವಿ, ಹತ್ತು ಹುಡುಗ್ರು ಒಟ್ಟಿಗೆ ಅಂಗಡಿ ಮುಂದೆ ನಿಂತ್ರೆ ಸೇಟು ತಲೆ ತಪ್ಪಿಸ್ಕೊಳ್ಳೋಕಾಗ್ದೆ ನೂರೋ ಇನ್ನೂರೋ ಕೊಟ್ಟು ಕಳಿಸ್ತಿದ್ದ. ಇಲ್ಲಿ ಅದು ನಡೆಯಲ್ಲ. ಇಲ್ಲಿ ಇದು ವ್ಯಾಪಾರ, ಆದ್ರೆ ಮುಖ ನೋಡ್ಕೊಂಡು ಆಗೋ ವ್ಯಾಪಾರ. ಈ ಎರಡರಲ್ಲಿ ಒಂದನ್ನ ಮರೆತ್ರೂ ಕೆಲ್ಸ ಕೆಡುತ್ತೆ, ನಾವು ಎರಡನ್ನೂ ಬೇರೆಬೇರೆ ವರ್ಷ ಮರೆತು ಕೆಡಿಸ್ಕೊಂಡಿದೀವಿ, ಅದಕ್ಕೇ ಇಷ್ಟುದ್ದ ಬರೀತಿರೋದು. ಆಸ್ಟ್ರೇಲಿಯಾ ಬಿಟ್ಟು ಬೇರೆ ದೇಶದಲ್ಲಿದ್ರೆ ಟ್ಯಾಕ್ಸ್, ರಿಜಿಸ್ಟ್ರೇಷನ್, ಸೀಸನ್ ಥರದ ವಿಷ್ಯ ಬದಲಾಗುತ್ತೆ, ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಇದೇ.

ಸ್ಟೆಪ್ 1: ಎಷ್ಟು ದುಡ್ಡು ಬೇಕು ಅಂತ ಮೊದ್ಲು ಬರ್ಕೊಳ್ಳಿ

"ಎಷ್ಟಾದ್ರೂ ಕೊಡಿ ಸರ್" ಅನ್ನೋನಿಗೆ ಯಾರೂ ಏನೂ ಕೊಡಲ್ಲ. ಹಾಸಿಗೆ ಎಷ್ಟಿದೆ ಕಾಲು ಎಷ್ಟಿದೆ ಅಂತ ಮೊದ್ಲು ನೋಡಿ. ನಮ್ದು 16 ಟೀಮು, ಏಳೇಳು ಜನರ ಆಟ, ಒಂದೇ ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ. ಅದರ ಲೆಕ್ಕ ಹೆಚ್ಚುಕಮ್ಮಿ ಹಿಂಗಿರುತ್ತೆ: ಗ್ರೌಂಡ್ ಬಾಡಿಗೆ 1,200 ಡಾಲರ್, ರೆಫರಿಗಳಿಗೆ 1,600, ಇನ್ಶೂರೆನ್ಸ್ 600, ಫಸ್ಟ್ ಏಡ್ ಜನಕ್ಕೆ 500, ಟ್ರೋಫಿ ಮೆಡಲ್ಲು 700, ಬಾಲು ಮತ್ತೆ ಬಿಬ್ಬು (ಟೀಮ್ ಗುರುತಿಗೆ ಮೇಲೆ ಹಾಕೋ ಬನೀನು) 400, ಬ್ಯಾನರ್ ಪ್ರಿಂಟು 500, ನೀರು ಐಸು 250, ಕಸ ಮತ್ತೆ ಎಕ್ಸ್‌ಟ್ರಾ ಟಾಯ್ಲೆಟ್ 350. ಒಟ್ಟು 6,100. ನಿಮ್ಮ ಕಡೆ ರೇಟು ಬೇರೆ ಇರುತ್ತೆ, ನೀವೇ ಕೂತು ಬರೀರಿ, ಆದ್ರೆ ರೆಫರಿ ಲೈನ್ ಮಾತ್ರ ಕಡಿಮೆ ಮಾಡ್ಬೇಡಿ, ಫ್ರೆಂಡ್ಸ್ ಕೈಲಿ ಸೀಟಿ ಕೊಟ್ರೆ ಸಂಜೆ ಹೊತ್ತಿಗೆ ಫ್ರೆಂಡ್‌ಶಿಪ್ಪೂ ಇರಲ್ಲ.

ಟೀಮಿಗೆ ಎಂಟ್ರಿ ಫೀ 250 ಅಂತ ನಾನು ಇಟ್ಟಿದ್ದೆ. ಗ್ರೂಪಲ್ಲಿ ಹಾಕಿದ ತಕ್ಷಣ ಎಲ್ರೂ ನಗೋ ಸ್ಟಿಕ್ಕರ್ ಹಾಕೋಕೆ ಶುರು ಮಾಡಿದ್ರು, ನನಗೆ ತಲೆಬುಡ ಗೊತ್ತಾಗ್ಲಿಲ್ಲ. ಆಮೇಲೆ ಕ್ಯಾಪ್ಟನ್ ಹೇಳ್ದ, ಮ್ಯಾಂಡರಿನ್‌ನಲ್ಲಿ "ಆರ್ ಬಾಯ್ ವೂ" ಅಂದ್ರೆ ಇನ್ನೂರೈವತ್ತು, ಆದ್ರೆ ಬೈಗುಳದಲ್ಲಿ ಅದರರ್ಥ ಶತಪೆದ್ದ. ಅವತ್ತೇ 260 ಮಾಡಿದ್ವಿ. 16 ಟೀಮಿಂದ 4,160 ಬರುತ್ತೆ, ಕೊರತೆ 1,940, ಮೇಲೊಂದು 600 ಕೈಕಾವಲಿಗೆ ಇಟ್ಕೊಂಡ್ರೆ 2,540. ಇದು ನಿಮ್ಮ ನಿಜವಾದ ಟಾರ್ಗೆಟ್ಟು. ಇದಕ್ಕಿಂತ ಒಂದೂವರೆ ಪಟ್ಟು ಕೇಳೋಕೆ ಹೊರಡಿ, ಯಾಕಂದ್ರೆ ಬಾಯಲ್ಲಿ ಒಪ್ಕೊಂಡವರಲ್ಲಿ ಒಬ್ರಿಬ್ರು ಕೊನೇ ವಾರದಲ್ಲಿ ಫೋನ್ ಎತ್ತಲ್ಲ.

ಸ್ಟೆಪ್ 2: ಕಾಗದ ಪತ್ರ (ಬೋರು, ಆದ್ರೂ ಓದಿ)

ಯಾರದ್ದೋ ಪರ್ಸನಲ್ ಅಕೌಂಟಿಗೆ ದುಡ್ಡು ಹಾಕಿಸ್ಕೋಬೇಡಿ. ವಿಕ್ಟೋರಿಯಾದಲ್ಲಿ (ಮೆಲ್ಬರ್ನ್ ಇರೋ ರಾಜ್ಯ) ಐದು ಜನ ಮೆಂಬರ್ ಇದ್ರೆ ಸಾಕು, ಇನ್‌ಕಾರ್ಪೊರೇಟೆಡ್ ಅಸೋಸಿಯೇಷನ್, ಅಂದ್ರೆ ನೋಂದಾಯಿತ ಸಂಘ ಅಂತ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾ ಅನ್ನೋ ಸರ್ಕಾರಿ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಬಹುದು, ಆಮೇಲೆ ಎಬಿಎನ್ (ಇಲ್ಲಿನ ಬಿಸಿನೆಸ್ ನಂಬರ್) ತಗೊಂಡು, ಇಬ್ರು ಸೇರಿ ಓಕೆ ಅಂದ್ರೆ ಮಾತ್ರ ದುಡ್ಡು ಹೊರಗೆ ಹೋಗೋ ಥರ ಬ್ಯಾಂಕ್ ಅಕೌಂಟ್ ತೆಗೀರಿ. ಅಷ್ಟು ಪುರುಸೊತ್ತಿಲ್ಲ ಅಂದ್ರೆ ಈಗಾಗ್ಲೇ ಇರೋ ಯಾವುದಾದ್ರೂ ಕ್ಲಬ್ಬಿನ ಹೆಸರಲ್ಲಿ ನಡೆಸಿ.

ಎಬಿಎನ್ ಯಾಕೆ ಅಷ್ಟು ಮುಖ್ಯ ಅಂದ್ರೆ, ಅದಿಲ್ದೆ 75 ಡಾಲರ್ ಮೀರಿದ ಇನ್‌ವಾಯ್ಸ್ ಕೊಟ್ರೆ ಕಟ್ಟೋ ಬಿಸಿನೆಸ್ಸಿನವರು ಸಾಮಾನ್ಯವಾಗಿ ಅದರಲ್ಲಿ 47% ಹಿಡ್ಕೊಂಡು ಟ್ಯಾಕ್ಸ್ ಆಫೀಸಿಗೆ ಕಟ್ಟಬೇಕಾಗುತ್ತೆ. ಅರ್ಧ ದುಡ್ಡು ಅಲ್ಲೇ ಹೋಯ್ತು. ಜಿಎಸ್‌ಟಿ ಇಲ್ಲಿ 10%, ಲಾಭಕ್ಕಲ್ಲದ ಸಂಸ್ಥೆಗಳು ವರ್ಷಕ್ಕೆ 1,50,000 ಡಾಲರ್ ವಹಿವಾಟು ಮುಟ್ಟೋವರೆಗೆ ರಿಜಿಸ್ಟರ್ ಆಗ್ಲೇಬೇಕು ಅಂತಿಲ್ಲ. ರಿಜಿಸ್ಟರ್ ಆಗಿಲ್ಲ ಅಂದ್ರೆ ಬಿಲ್ ಮೇಲೆ "ಟ್ಯಾಕ್ಸ್ ಇನ್‌ವಾಯ್ಸ್" ಅಂತ ಬರೀಬೇಡಿ, ಬರೀ "ಇನ್‌ವಾಯ್ಸ್" ಅನ್ನಿ. ಇನ್ನೊಂದು, ಅಂಗಡಿಯವರಿಗೆ "ಡೊನೇಷನ್ ಕೊಡಿ, ಟ್ಯಾಕ್ಸ್ ಉಳಿಯುತ್ತೆ" ಅಂತ ಹೇಳೋದು ತಪ್ಪು. ಡೊನೇಷನ್ ಮೇಲೆ ಟ್ಯಾಕ್ಸ್ ಬಿಡೋದು ಡಿಜಿಆರ್ ಅನ್ನೋ ಮಾನ್ಯತೆ ಇರೋ ಸಂಸ್ಥೆಗಳಿಗೆ ಕೊಟ್ರೆ ಮಾತ್ರ. ನಮ್ಮಂಥವರಿಗೆ ಕೊಡೋದು ಜಾಹೀರಾತಿನ ಖರ್ಚು, ಅದನ್ನ ಬಿಸಿನೆಸ್ ಖರ್ಚಿನಲ್ಲಿ ಹೆಂಗೆ ತೋರಿಸ್ಬೇಕು ಅಂತ ಅವರ ಅಕೌಂಟೆಂಟಿಗೆ ಗೊತ್ತಿರುತ್ತೆ, ನೀವು ಸರಿಯಾದ ಬಿಲ್ ಕೊಟ್ರೆ ಸಾಕು.

ಗ್ರೌಂಡ್ ಬುಕ್ ಮಾಡುವಾಗಲೇ ಕೌನ್ಸಿಲ್‌ನವರಿಗೆ (ಇಲ್ಲಿನ ನಗರಸಭೆ) ಎರಡು ಪ್ರಶ್ನೆ ಕೇಳಿ: ಕಮರ್ಷಿಯಲ್ ಬ್ಯಾನರ್ ಎಲ್ಲಿ ಕಟ್ಟಬಹುದು, ಊಟದ ಸ್ಟಾಲ್ ಹಾಕೋಕೆ ಯಾವ ರಿಜಿಸ್ಟ್ರೇಷನ್ ಬೇಕು. ನಾವು ಕೇಳ್ದೆ ರೋಡ್ ಕಡೆ ಬೇಲಿಯನ್ನ ಒಬ್ಬ ಸ್ಪಾನ್ಸರಿಗೆ ಮಾರ್ಬಿಟ್ಟಿದ್ವಿ, ಬೆಳಿಗ್ಗೆ ಒಂಬತ್ತಕ್ಕೆ ಆಫೀಸರ್ ಬಂದು ಬಿಚ್ಚಿಸಿದ್ರು, ಆ ಬ್ಯಾನರ್ ಮಡಚಿ ಕಾರಿನ ಡಿಕ್ಕಿಗೆ ಹಾಕೋವಾಗ ಸ್ಪಾನ್ಸರ್ ಅಲ್ಲೇ ನಿಂತಿದ್ರು. ಆ ದೃಶ್ಯ ಇನ್ನೂ ಕಣ್ಣಲ್ಲಿದೆ.

ಸ್ಟೆಪ್ 3: ನಮ್ಮ ಹತ್ರ ಮಾರೋಕೆ ಏನಿದೆ?

ಫುಟ್ಬಾಲ್ ಅಂತೂ ಅಲ್ಲ. ಚೀನಾ ಗಂಡಸರ ಟೀಮು ವರ್ಲ್ಡ್ ಕಪ್ಪಿಗೆ ಹೋಗಿದ್ದೇ ಒಂದ್ಸಲ, 2002ರಲ್ಲಿ, ಮೂರು ಮ್ಯಾಚ್ ಆಡಿ ಮೂರೂ ಸೋತು ಒಂದೂ ಗೋಲ್ ಹೊಡೀದೆ ವಾಪಸ್ ಬಂದ್ರು. ಹಂಗಾಗಿ ಅಂಗಡಿ ಯಜಮಾನರ ಮುಂದೆ ಫುಟ್ಬಾಲ್ ಅಂತ ಬಾಯಿ ಬಿಟ್ರೆ ಮೊದ್ಲು ಬರೋದು ಆ ಜೋಕೇ. ಟ್ಯಾಲೆಂಟ್ ಬೆಳೆಸ್ತೀವಿ, ಕ್ರೀಡಾ ಸ್ಫೂರ್ತಿ ಅಂತೆಲ್ಲ ಭಾಷಣ ಬಿಗಿಯೋಕೆ ಹೋಗ್ಬೇಡಿ.

ನೀವು ಮಾರೋದು ಗೆರೆ ಆಚೆ ನಿಂತಿರೋ ಜನಾನ. ಹದಿನಾರು ಟೀಮು, ಟೀಮಿಗೆ 12 ಜನ ಅಂದ್ರೆ 192 ಪ್ಲೇಯರು, ಅವರ ಹೆಂಡ್ತಿ ಮಕ್ಕಳು, ಮಕ್ಕಳನ್ನ ನೋಡ್ಕೊಳ್ಳೋಕೆ ಚೀನಾದಿಂದ ಬಂದಿರೋ ಅಜ್ಜ ಅಜ್ಜಿ. ಇವ್ರೆಲ್ಲ ಒಂದಿಡೀ ದಿನ ಒಂದೇ ಜಾಗದಲ್ಲಿ ಇರ್ತಾರೆ, ಬಿಸಿಲಲ್ಲಿ ಬಾಯಾರಿ, ಹಸಿದು, ಎರಡು ಮ್ಯಾಚ್ ಮಧ್ಯೆ ಮಾಡೋಕೆ ಕೆಲ್ಸ ಇಲ್ದೆ. ಮನೆ ಕೊಳ್ಳೋ ವಯಸ್ಸಿನವರು, ಲೋನ್ ಇರೋರು, ಮಕ್ಕಳನ್ನ ಟ್ಯೂಷನ್ನಿಗೆ ಹಾಕೋರು, ಮೊಣಕಾಲು ನೋವಿರೋರು (ಸಂಜೆ ಹೊತ್ತಿಗೆ ಎಲ್ರೂ). ಇದನ್ನ ಬಾಯಲ್ಲಿ ಹೇಳೋದಲ್ಲ, ನಂಬರ್ ಇಟ್ಕೊಳ್ಳಿ. ಟೀಮ್ ರಿಜಿಸ್ಟ್ರೇಷನ್ ಫಾರ್ಮಲ್ಲೇ ಏರಿಯಾ ಯಾವುದು, ವಯಸ್ಸಿನ ಗುಂಪು ಯಾವುದು, ಮನೆಯವರು ಎಷ್ಟು ಜನ ಬರ್ತಾರೆ ಅಂತ ಕೇಳಿ, ಒಟ್ಟು ಲೆಕ್ಕ ಮಾತ್ರ ಸ್ಪಾನ್ಸರಿಗೆ ತೋರಿಸ್ತೀವಿ ಅಂತ ಅಲ್ಲೇ ಬರೀರಿ. ಹೆಸರು ಫೋನ್ ನಂಬರ್ ಮಾತ್ರ ಯಾರಿಗೂ ಕೊಡ್ಬೇಡಿ, ಎಷ್ಟು ದುಡ್ಡು ಕೊಡ್ತೀನಿ ಅಂದ್ರೂ.

ಟೂರ್ನಮೆಂಟ್ ಹೆಸರು ಕೂಡ ಇಲ್ಲೇ ಯೋಚ್ನೆ ಮಾಡಿ. "ಚೀನಾ" ಅನ್ನೋದಕ್ಕೂ "ಹ್ವಾರೆನ್" ಅನ್ನೋದಕ್ಕೂ ವ್ಯತ್ಯಾಸ ಇದೆ. ಹ್ವಾರೆನ್ ಅಂದ್ರೆ ಚೈನೀಸ್ ಮೂಲದ ಜನ, ಯಾವ ದೇಶದವರಾದ್ರೂ ಸರಿ. ನಮ್ಮ ಟೀಮುಗಳಲ್ಲಿ ಮಲೇಷಿಯಾದವರಿದ್ದಾರೆ, ಹಾಂಗ್‌ಕಾಂಗ್‌ನವರಿದ್ದಾರೆ, ಬಬಲ್ ಟೀ ಕೊಡಿಸಿದವರು ತೈವಾನ್‌ನವರು. ದೇಶದ ಹೆಸರು, ಬಾವುಟ ಬ್ಯಾನರ್ ಮೇಲೆ ಬಂದ್ರೆ ಯಾರೋ ಒಬ್ರು ಬೇಜಾರಾಗಿ ಹಿಂದೆ ಸರೀತಾರೆ. ಲಿಪಿ ವಿಷ್ಯಾನೂ ಅಷ್ಟೇ, ಮೇನ್‌ಲ್ಯಾಂಡ್ ಚೀನಾದವರು ಸರಳ ಮಾಡಿದ ಲಿಪಿ ಬರೀತಾರೆ, ಹಾಂಗ್‌ಕಾಂಗ್ ತೈವಾನ್‌ನವರು ಹಳೇ ಲಿಪಿ. ಕ್ಯಾಂಟನೀಸ್ ಮಾತಾಡೋ ಹಾಂಗ್‌ಕಾಂಗ್‌ನವರ ಅಂಗಡಿಗೆ ಹೋಗುವಾಗ ಹಳೇ ಲಿಪಿಯ ಪ್ರತಿ ತಗೊಂಡೋದ್ರೆ ಅವರ ಮುಖದಲ್ಲೇ ಗೊತ್ತಾಗುತ್ತೆ.

ಸ್ಟೆಪ್ 4: ಯಾರನ್ನ ಕೇಳ್ಬೇಕು, ಯಾರನ್ನ ಬಿಡ್ಬೇಕು

ಗೂಗಲ್ ಮ್ಯಾಪ್ ತೆಗೆದು ಅಂಗಡಿ ಲಿಸ್ಟ್ ಮಾಡೋಕೆ ಮುಂಚೆ ನಿಮ್ಮ ಪ್ಲೇಯರ್ ಲಿಸ್ಟ್ ನೋಡಿ. ನಮ್ಮ ಲೆಫ್ಟ್ ಬ್ಯಾಕ್ ಆಡೋನು ಮಾರ್ಟ್‌ಗೇಜ್ ಬ್ರೋಕರ್ (ಮನೆ ಸಾಲ ಕೊಡಿಸೋನು) ಅಂತ ಎರಡು ವರ್ಷ ನನಗೇ ಗೊತ್ತಿರ್ಲಿಲ್ಲ. ಇನ್ನೊಬ್ಬನ ಹೆಂಡ್ತಿ ಡೆಂಟಿಸ್ಟ್, ಒಬ್ಬನ ಮಾವನದ್ದು ಏಷ್ಯನ್ ಗ್ರೋಸರಿ. ಒಳಗಿನಿಂದ ಒಬ್ರು ಪರಿಚಯ ಮಾಡಿಸಿ ಹೋದ ಅಂಗಡಿಗಳಲ್ಲಿ ನಮಗೆ ಕೆಲ್ಸ ಆಗಿದೆ, ಸುಮ್ನೆ ನುಗ್ಗಿದ ಕಡೆ ಚಹಾ ಕೂಡ ಸಿಕ್ಕಿಲ್ಲ.

ಆಮೇಲೆ ಮ್ಯಾಚ್ ಮುಗಿಸಿ ಟೀಮು ಪ್ರತಿ ವಾರ ಎಲ್ಲಿ ಊಟ ಮಾಡುತ್ತೆ ನೋಡಿ. ವರ್ಷಕ್ಕೆ ನಲವತ್ತು ಸಲ ಹದಿನೈದು ಜನ ಹೋಗಿ ಹಾಟ್‌ಪಾಟ್ (ಟೇಬಲ್ ಮೇಲೇ ಕುದಿಯೋ ಸಾರಲ್ಲಿ ಬೇಯಿಸ್ಕೊಂಡು ತಿನ್ನೋ ಊಟ) ತಿನ್ನೋ ಹೋಟೆಲ್ಲಿಗೆ ನೀವು ಆಗ್ಲೇ ಗಿರಾಕಿ, ಭಿಕ್ಷುಕರಲ್ಲ. ಆ ಬಿಲ್ಲುಗಳ ಫೋಟೋ ಇಟ್ಕೊಂಡೋಗಿ, ಅದಕ್ಕಿಂತ ಒಳ್ಳೆ ಪ್ರೆಸೆಂಟೇಷನ್ ಇಲ್ಲ.

ಮೂರನೇ ಸುತ್ತಲ್ಲಿ ರಿಯಲ್ ಎಸ್ಟೇಟ್ ಏಜೆಂಟ್‌ಗಳು, ಅಕೌಂಟೆಂಟ್, ಟ್ಯೂಷನ್ ಸೆಂಟರ್, ಫಿಸಿಯೋ, ಡ್ರೈವಿಂಗ್ ಸ್ಕೂಲ್, ಚೀನಾಗೆ ಪಾರ್ಸಲ್ ಕಳಿಸೋ ಕಾರ್ಗೋದವರು. ಚೈನೀಸ್ ಅಲ್ಲದ ಕಾರ್ ಶೋರೂಮು, ಬ್ಯಾಂಕ್ ಬ್ರಾಂಚು ಕೂಡ ಬಿಡ್ಬೇಡಿ, ಅಲ್ಲಿಗೆ ನನ್ನಂಥ ಹೊರಗಿನವನು ಹೋದ್ರೂ ನಡೆಯುತ್ತೆ. ಅವರಿಗೆ ಒಂದೇ ಸಾಲು ಹೇಳಿ: 2021ರ ಸೆನ್ಸಸ್ ಪ್ರಕಾರ ಆಸ್ಟ್ರೇಲಿಯಾದ ಮನೆಗಳಲ್ಲಿ ಇಂಗ್ಲಿಷ್ ಬಿಟ್ರೆ ಅತಿ ಹೆಚ್ಚು ಮಾತಾಡೋ ಭಾಷೆ ಮ್ಯಾಂಡರಿನ್, 2.7% ಜನ, ಕ್ಯಾಂಟನೀಸ್ ಇನ್ನೊಂದು 1.2%. ಇಂಗ್ಲಿಷ್ ಪೇಪರಲ್ಲಿ ಆ್ಯಡ್ ಹಾಕಿ ಇವರನ್ನ ಮುಟ್ಟೋದು ಎಷ್ಟು ಕಷ್ಟ ಅಂತ ಅವರಿಗೇ ಗೊತ್ತಿರುತ್ತೆ. (ಒಂದು ತಮಾಷೆ, ನಮ್ಮ ಕನ್ನಡದವರ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಸ್ಟೇಜ್ ಪಕ್ಕ ನಿಂತಿದ್ದ ಲೋನ್ ಏಜೆಂಟೇ ಇಲ್ಲೂ ಬಂದಿದ್ದ, ನನ್ನ ನೋಡಿ ಅವನಿಗೇ ಗಾಬರಿ.)

ಬಿಡಬೇಕಾದವರು: ಬೆಟ್ಟಿಂಗ್ ಆ್ಯಪ್, ಕ್ರಿಪ್ಟೋ ಸ್ಕೀಮ್, "ವೀಸಾ ಗ್ಯಾರಂಟಿ" ಅನ್ನೋ ಏಜೆಂಟ್. ಇಲ್ಲಿ ಮೈಗ್ರೇಷನ್ ಏಜೆಂಟ್ ಆಗ್ಬೇಕಂದ್ರೆ ರಿಜಿಸ್ಟರ್ ಆಗಿರ್ಬೇಕು, ಇಲ್ಲಾ ಲಾಯರ್ ಆಗಿರ್ಬೇಕು, ದುಡ್ಡು ಹೊರದೇಶಕ್ಕೆ ಕಳಿಸೋರು ಆಸ್ಟ್ರಾಕ್ ಅನ್ನೋ ಸರ್ಕಾರಿ ಸಂಸ್ಥೇಲಿ ರಿಜಿಸ್ಟರ್ ಆಗಿರ್ಬೇಕು, ಎರಡೂ ಆನ್‌ಲೈನಲ್ಲಿ ಚೆಕ್ ಮಾಡ್ಬಹುದು, ಹೆಚ್ಚು ಟೈಮ್ ಹಿಡಿಯಲ್ಲ. ನಾಳೆ ನಿಮ್ಮ ಪ್ಲೇಯರ್ ಒಬ್ಬ ಆ ಬ್ಯಾನರ್ ನೋಡಿ ಹೋಗಿ ದುಡ್ಡು ಕಳ್ಕೊಂಡ್ರೆ ಬೈಯ್ಯೋದು ನಿಮ್ಮನ್ನೇ. ಎಲೆಕ್ಷನ್ ವರ್ಷ ಆದ್ರೆ ಕ್ಯಾಂಡಿಡೇಟುಗಳೂ ತಾವಾಗೇ ಹುಡುಕ್ಕೊಂಡು ಬರ್ತಾರೆ, ಅವರಿಗೆ ಮೈಕ್ ಕೊಡ್ತೀರಾ ಇಲ್ವಾ ಅಂತ ಕಮಿಟಿ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ.

ಸ್ಟೆಪ್ 5: ಯಾವಾಗ ಕೇಳೋದು

ನಾಲ್ಕು ತಿಂಗಳು ಮುಂಚೆ. ಇಲ್ಲಿ ಫುಟ್ಬಾಲ್ ಚಳಿಗಾಲದ ಆಟ, ಅಕ್ಟೋಬರ್ ಬಂತಂದ್ರೆ ಎಷ್ಟೋ ಗ್ರೌಂಡ್ ಕ್ರಿಕೆಟ್‌ನವರ ಪಾಲಾಗುತ್ತೆ (ಇದೊಂದು ವಿಷ್ಯದಲ್ಲಿ ನಾನು ಯಾವ ಕಡೆ ಅಂತ ಟೀಮಲ್ಲಿ ಹೇಳಿಲ್ಲ), ಅದಕ್ಕೆ ನಾವು ಸೆಪ್ಟೆಂಬರ್ ಭಾನುವಾರ ಹಿಡಿಯೋದು. ಅದರಲ್ಲಿ ಇನ್ನೊಂದು ಲಾಭ ಇದೆ. ಚೈನೀಸ್‌ನವರ ಮಿಡ್-ಆಟಮ್ ಹಬ್ಬ ಅವರ ಎಂಟನೇ ತಿಂಗಳ ಹುಣ್ಣಿಮೆಗೆ, ನಮ್ಮ ಭಾದ್ರಪದ ಇಲ್ಲಾ ಶೀಗೆ ಹುಣ್ಣಿಮೆ ಹೊತ್ತಿಗೆ ಬರುತ್ತೆ, 2025ರಲ್ಲಿ ಅಕ್ಟೋಬರ್ 6, 2026ರಲ್ಲಿ ಸೆಪ್ಟೆಂಬರ್ 25. ಅದಕ್ಕೆ ಮುಂಚಿನ ವಾರಗಳಲ್ಲಿ ಗ್ರೋಸರಿ, ಬೇಕರಿಯವರೆಲ್ಲ ಮೂನ್‌ಕೇಕ್ ಮಾರೋ ಭರಾಟೆಯಲ್ಲಿರ್ತಾರೆ, ಜನ ಸೇರೋ ಜಾಗ ಅವರಿಗೂ ಬೇಕಾಗಿರುತ್ತೆ.

ಜನವರಿ, ಫೆಬ್ರವರಿಯಲ್ಲಿ ಚೈನೀಸ್ ಹೊಸವರ್ಷ, ಅರ್ಧ ಜನ ಊರಿಗೆ ಹೋಗಿರ್ತಾರೆ, ಆಗ ಕೇಳ್ಬೇಡಿ. ಜೂನ್ 30ಕ್ಕೆ ಇಲ್ಲಿ ಫೈನಾನ್ಶಿಯಲ್ ವರ್ಷ ಮುಗಿಯುತ್ತೆ, ಅಕೌಂಟೆಂಟ್‌ಗಳ ಹತ್ರ ಜೂನ್, ಜುಲೈಯಲ್ಲಿ ಹೋದ್ರೆ ಮುಖ ನೋಡಲ್ಲ, ಆದ್ರೆ ಬೇರೆ ಬಿಸಿನೆಸ್ಸಿನವರು ಮೇ ತಿಂಗಳಲ್ಲಿ "ಈ ವರ್ಷದ ಖರ್ಚಿಗೇ ಹಾಕ್ಕೊಳ್ತೀನಿ" ಅಂತ ಬೇಗ ಕಟ್ಟಿದ್ದೂ ಉಂಟು.

ಸ್ಟೆಪ್ 6: ರೇಟು

ಮೂರೇ ಥರ ಇಡಿ. ಗೋಲ್ಡು ಪ್ಲಾಟಿನಮ್ಮು ಡೈಮಂಡು ಅಂತ ಏಳು ಮೆಟ್ಟಿಲು ಮಾಡಿದ್ರೆ ನಿಮಗೇ ನೆನಪಿರಲ್ಲ.

ಮೊದಲನೇದು ಗ್ವಾನ್‌ಮಿಂಗ್, ಅಂದ್ರೆ ಟೈಟಲ್ ಸ್ಪಾನ್ಸರ್, ಟೂರ್ನಮೆಂಟ್ ಹೆಸರಿನ ಮುಂದೆ ಅವರ ಹೆಸರು. 1,888 ಡಾಲರ್, ಒಬ್ರಿಗೆ ಮಾತ್ರ. ಎರಡನೇದು 688, ಇಬ್ರಿಗೆ, ಗ್ರೌಂಡ್ ಪಕ್ಕ ಟೆಂಟ್ ಹಾಕೋ ಜಾಗ, ಸೆಮಿಫೈನಲ್ ಕಪ್ಪು ಕೊಡೋ ಅವಕಾಶ. ಮೂರನೇದು 188, ಐದು ಜನಕ್ಕೆ, ಬ್ಯಾನರಲ್ಲಿ ಲೋಗೋ, ಹಂಚೋ ಗಿಫ್ಟ್ ಬ್ಯಾಗಲ್ಲಿ ಕೂಪನ್. ಎಲ್ಲ ತುಂಬಿದ್ರೆ 4,204 ಆಗುತ್ತೆ, ನಮ್ಮ ಟಾರ್ಗೆಟ್ 2,540, ಟೈಟಲ್ ಸ್ಪಾನ್ಸರ್ ಬಿಟ್ಟು ಬೇರೆ ಇಬ್ರು ಕೈ ಕೊಟ್ರೂ ಉಸಿರಾಡಬಹುದು. ಎಂಟು ಯಾಕೆ ಅಂತ ಕೇಳ್ಬೇಡಿ, ಎಂಟನ್ನ ಹೇಳೋ ಸದ್ದು ಏಳಿಗೆ ಅನ್ನೋ ಪದಕ್ಕೆ ಹತ್ರ, ನಾಲ್ಕನ್ನ ಹೇಳೋ ಸದ್ದು ಸಾವಿಗೆ ಹತ್ರ. 444 ಅಂತ ಮಾತ್ರ ಅಪ್ಪಿತಪ್ಪಿಯೂ ಇಡ್ಬೇಡಿ. ನಮ್ಮಲ್ಲಿ ಮುಯ್ಯಿಗೆ ನೂರಾ ಒಂದು ಇಡ್ತೀವಲ್ಲ, ಹಂಗೆ ಅಂದ್ಕೊಳ್ಳಿ.

ಒಂದು ಕಸುಬಿಗೆ ಒಬ್ರೇ. ಇದನ್ನ ಕಲ್ಲಲ್ಲಿ ಕೆತ್ತಿ ಇಟ್ಕೊಳ್ಳಿ. ಒಂದ್ಸಲ ಕ್ಯಾಪ್ಟನ್ ಒಬ್ಬ ಪ್ರಾಪರ್ಟಿ ಏಜೆಂಟಿಗೆ ಮಾತು ಕೊಟ್ಟಿದ್ದ, ನಾನು ಗೊತ್ತಿಲ್ದೆ ಇನ್ನೊಬ್ಬನಿಗೆ ಕೊಟ್ಟಿದ್ದೆ, ಇಬ್ಬರ ಟೆಂಟೂ ಎದುರುಬದುರು ಬಂತು. ಇಬ್ರೂ ದುಡ್ಡು ವಾಪಸ್ ಕೇಳ್ಲಿಲ್ಲ, ಇಬ್ರೂ ಮುಂದಿನ ವರ್ಷ ಬರ್ಲೂ ಇಲ್ಲ. ಈಗ ಒಂದೇ ಶೀಟು, ಯಾರು ಯಾರ ಹತ್ರ ಮಾತಾಡಿದ್ರು ಅಂತ ಅವತ್ತೇ ಬರೀಬೇಕು, ಬರೀದೆ ಇರೋ ಮಾತು ಮಾತೇ ಅಲ್ಲ.

ದುಡ್ಡಿನ ಬದಲು ಸಾಮಾನು ಕೊಡ್ತೀವಿ ಅನ್ನೋರನ್ನ ಕಡೆಗಣಿಸ್ಬೇಡಿ. ನೀರಿನ ಬಾಟ್ಲು, ಬಾಳೆಹಣ್ಣು, ಟೀ, ಮಸಾಜ್ ವೌಚರ್. ನಿಮ್ಮ ಬಜೆಟ್ಟಲ್ಲಿ ಇರೋ ಐಟಮ್ ಆದ್ರೆ ಅದು ದುಡ್ಡೇ. ಬಜೆಟ್ಟಲ್ಲಿ ಇಲ್ದೇ ಇರೋದಾದ್ರೆ ಲಕ್ಕಿ ಡ್ರಾಗೆ ಇಡಿ, ಆದ್ರೆ ಟಿಕೆಟ್ ಮಾರಿ ರಾಫಲ್ ಮಾಡ್ಬೇಕಂದ್ರೆ ರಾಜ್ಯದ ಗೇಮಿಂಗ್ ರೂಲ್ಸ್ ನೋಡ್ಕೊಂಡು ಮಾಡಿ. ಹಂಚೋ ಸಾಮಾನಲ್ಲಿ ಎರಡು ಬೇಡ: ಹಸಿರು ಟೋಪಿ, ಗಡಿಯಾರ. ಹಸಿರು ಟೋಪಿ ಹಾಕ್ಕೊಂಡವನು ಅಂದ್ರೆ ಹೆಂಡ್ತಿ ಬೇರೆಯವನ ಜೊತೆ ಹೋದವನು ಅಂತ ಅರ್ಥ. ಗಡಿಯಾರ ಕೊಡೋದು ಅನ್ನೋದು ಕಿವಿಗೆ ಸಾಯೋವಾಗ ಬೀಳ್ಕೊಡೋದು ಅಂದ ಹಂಗೆ ಕೇಳುತ್ತೆ. ಒಬ್ರು ಪಾಪ ಇಂಗ್ಲಿಷ್ ಕಂಪನಿಯವರು ಇನ್ನೂರು ಹಸಿರು ಕ್ಯಾಪ್ ಫ್ರೀ ಕೊಡ್ತೀವಿ ಅಂದ್ರು, ಬೇಡ ಅನ್ನೋಕೆ ಕಾರಣ ವಿವರಿಸೋಷ್ಟರಲ್ಲಿ ನನ್ನ ಬೆವರು ಇಳೀತು.

ಸ್ಟೆಪ್ 7: ಅಂಗಡಿಗೆ ಹೋಗೋದು

ಇದೇ ನಿಜವಾದ ಕೆಲ್ಸ. ಇಮೇಲ್ ಕಳಿಸಿ ಕಾಯ್ತಾ ಕೂತ್ರೆ ಕೂತೇ ಇರ್ತೀರ. ಚೈನೀಸ್ ಬಿಸಿನೆಸ್ ಪೂರ್ತಿ ವಿಚ್ಯಾಟಲ್ಲಿದೆ, ಅವರ ವಾಟ್ಸಾಪ್ ಥರದ ಆ್ಯಪ್ ಅದು. ಪರಿಚಯದವರು ಮೊದ್ಲು ಅಲ್ಲಿ ಒಂದು ಮೆಸೇಜ್ ಹಾಕಿ ನಿಮ್ಮನ್ನ ಸೇರಿಸ್ಬೇಕು, ಆಮೇಲೆ ನೀವು ಖುದ್ದು ಹೋಗ್ಬೇಕು. ಹೋಟೆಲ್ಲಿಗೆ ಹೋಗೋದಾದ್ರೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಒಳಗೆ, ಊಟದ ರಶ್ ಮುಗಿದು ಸಂಜೆ ತಯಾರಿ ಶುರು ಆಗೋಕೆ ಮುಂಚೆ. ಇಬ್ರೇ ಹೋಗಿ. ಒಬ್ರು ಭಾಷೆ ಬರೋರು, ಒಬ್ರು ಲೆಕ್ಕ ಬರೋರು.

ಕರೆಯೋ ರೀತಿ ಮುಖ್ಯ. ಅಂಗಡಿ ಯಜಮಾನರು ಲಾವ್‌ಬಾನ್. ಸ್ವಲ್ಪ ದೊಡ್ಡ ಕಂಪನಿ ಆದ್ರೆ ಮನೆತನದ ಹೆಸರಿಗೆ "ಝೊಂಗ್" ಸೇರಿಸ್ತಾರೆ. ಯಜಮಾನಿ ಸ್ವಲ್ಪ ವಯಸ್ಸಾದವರಾದ್ರೆ ಹೆಸರಿಗೆ "ಜಿಯೆ" ಸೇರಿಸ್ತಾರೆ, ನಾವು ಅಕ್ಕ ಅಂತೀವಲ್ಲ ಹಂಗೇ. ಮನೆತನದ ಹೆಸರು ಮುಂದೆ ಬರುತ್ತೆ, ನಾನು ಮೊದಲ ವರ್ಷ ಇನ್‌ವಾಯ್ಸಲ್ಲಿ ಎಲ್ಲರ ಹೆಸರೂ ಉಲ್ಟಾ ಬರೆದಿದ್ದೆ. ಕಾರ್ಡ್ ಕೊಟ್ರೆ ಎರಡೂ ಕೈಲಿ ತಗೊಳ್ಳಿ, ಓದಿ, ತಕ್ಷಣ ಹಿಂದಿನ ಜೇಬಿಗೆ ತುರುಕ್ಬೇಡಿ.

ಚಹಾ ಕೊಟ್ರೆ ಕುಡೀರಿ. ಮೊದಲ ಹತ್ತು ನಿಮಿಷ ದುಡ್ಡಿನ ಮಾತು ಬೇಡ. ವ್ಯಾಪಾರ ಹೆಂಗಿದೆ, ಬಾಡಿಗೆ ಎಷ್ಟಾಯ್ತು, ಮಗ ಯಾವ ಸ್ಕೂಲು. ಆಮೇಲೆ ಒಂದೇ ಹಾಳೆ ಮುಂದಿಡಿ, ಒಂದು ಕಡೆ ಚೈನೀಸ್, ಇನ್ನೊಂದು ಕಡೆ ಇಂಗ್ಲಿಷ್. ಹೋದ ವರ್ಷದ ಫೋಟೋ ಒಂದು, ಅದರಲ್ಲಿ ಬಾಲ್ ಕಾಣೋದು ಬೇಡ, ಜನ ಕಾಣ್ಬೇಕು. ಕೆಳಗೆ ಮೂರು ರೇಟು, ತಾರೀಖು, ಯಾವ ಜಾಗ ಖಾಲಿ ಇದೆ ಅನ್ನೋದು.

ನಮ್ಮ ಕ್ಯಾಪ್ಟನ್ ವಿಚ್ಯಾಟಲ್ಲಿ ಹಾಕೋ ಮೊದಲ ಮೆಸೇಜನ್ನ ಕನ್ನಡದಲ್ಲಿ ಹೇಳೋದಾದ್ರೆ ಹಿಂಗಿರುತ್ತೆ:

"ನಮಸ್ಕಾರ ಲಾವ್‌ಬಾನ್. ನಾವು ಪ್ರತಿ ಭಾನುವಾರ ರಾತ್ರಿ ಕಿಟಕಿ ಪಕ್ಕದ ದೊಡ್ಡ ಟೇಬಲಲ್ಲಿ ಕೂರೋ ಫುಟ್ಬಾಲ್ ಹುಡುಗರು. ಸೆಪ್ಟೆಂಬರಲ್ಲಿ ಹದಿನಾರು ಟೀಮಿನ ಟೂರ್ನಮೆಂಟ್ ಇದೆ, ಮನೆಯವರೆಲ್ಲ ಸೇರಿ ಐನೂರರ ಹತ್ರ ಜನ ಬರ್ತಾರೆ, ನಿಮ್ಮ ಹೋಟೆಲಿಂದ ಗ್ರೌಂಡಿಗೆ ಕಾರಲ್ಲಿ ಆರು ನಿಮಿಷ. ಊಟದ ಸ್ಪಾನ್ಸರ್ ಜಾಗ ಇನ್ನೂ ಯಾರಿಗೂ ಕೊಟ್ಟಿಲ್ಲ, ಮೊದ್ಲು ನಿಮ್ಮನ್ನ ಕೇಳೋಣ ಅಂತ. ಮಂಗಳವಾರ ಮೂರೂವರೆಗೆ ಬಂದು ಹತ್ತು ನಿಮಿಷ ಮಾತಾಡ್ಬಹುದಾ?"

ಇದರಲ್ಲಿ "ದಯವಿಟ್ಟು ಸಹಾಯ ಮಾಡಿ" ಅಂತ ಎಲ್ಲೂ ಇಲ್ಲ ನೋಡಿ. ನೀವ್ಯಾರು, ಎಷ್ಟು ಜನ, ಎಷ್ಟು ಹತ್ರ, ಏನು ಖಾಲಿ ಇದೆ, ಅಷ್ಟೇ.

ಇಲ್ಲ ಅನ್ನೋದು ಹೆಂಗೆ ಅಂತಾನೂ ಕಲೀಬೇಕು. "ಕಾವ್‌ಲ್ಯು ಕಾವ್‌ಲ್ಯು" ಅಂದ್ರೆ ಯೋಚ್ನೆ ಮಾಡೋಣ ಯೋಚ್ನೆ ಮಾಡೋಣ. ನಮ್ಮ "ನೋಡೋಣ ಬಿಡಿ" ಇದ್ದಂಗೆ, ಹತ್ತಕ್ಕೆ ಎಂಟು ಸಲ ಅದು ಇಲ್ಲ ಅಂತಾನೇ. ಅದನ್ನ ಕೇಳಿದ ಮೇಲೆ ಒಂದೇ ಸಲ ನೆನಪಿಸಿ, ಬಿಟ್ಬಿಡಿ. ಮೂರು ಸಲ ಬೆನ್ನು ಹತ್ತಿದ್ರೆ ಅವರು ಬಾಯಿಬಿಟ್ಟು ಇಲ್ಲ ಅನ್ಬೇಕಾಗುತ್ತೆ, ಆಗ ಇಬ್ರಿಗೂ ಮುಜುಗರ, ಆ ಬಾಗಿಲು ಪರ್ಮನೆಂಟಾಗಿ ಮುಚ್ತು. ಅವರು ಮಿಯೆನ್‌ಝ ಅಂತಾರೆ, ಮುಖ ಅಂತ ಅರ್ಥ, ನಮಗೆ ಅರ್ಥ ಆಗ್ಬೇಕಂದ್ರೆ ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತೀವಲ್ಲ, ಆ ಮಾನ. ದೊಡ್ಡ ಪ್ಯಾಕೇಜ್ ಬೇಡ ಅಂದವರಿಗೆ ಅಲ್ಲೇ ಚಿಕ್ಕದೊಂದು ಇಟ್ಟು ಮಾತು ಮುಗಿಸಿ, "ಹಂಗಾದ್ರೆ ಎರಡು ಬಾಕ್ಸ್ ನೀರು ನಿಮ್ಮ ಹೆಸರಲ್ಲಿ" ಅಂದ್ರೆ ಯಾರಿಗೂ ಸೋತ ಹಂಗಾಗಲ್ಲ. ನಮ್ಮ ಈಗಿನ 688ರ ಸ್ಪಾನ್ಸರ್ ಒಬ್ರು ಶುರು ಮಾಡಿದ್ದು ಎರಡು ಬಾಕ್ಸ್ ನೀರಿಂದ.

ಸ್ಟೆಪ್ 8: ಹೂಂ ಅಂದ್ಮೇಲೆ

ಒಂದು ಪುಟದ ಒಪ್ಪಂದ ಸಾಕು: ಎಷ್ಟು ದುಡ್ಡು, ಯಾವ ತಾರೀಖಿನೊಳಗೆ, ಬದಲಿಗೆ ಏನೇನು, ಮಳೆ ಬಂದ್ರೆ ಏನು. ಮೆಲ್ಬರ್ನ್ ಮಳೆ ಗೊತ್ತಲ್ಲ, ನೆಲ ಕೆಸರಾಯ್ತು ಅಂತ ಕೌನ್ಸಿಲ್‌ನವರು ಹಿಂದಿನ ದಿನ ಸಂಜೆ ಗ್ರೌಂಡ್ ಮುಚ್ಬಹುದು. ಆಟ ಮುಂದೆ ಹೋದ್ರೆ ಸ್ಪಾನ್ಸರ್‌ಶಿಪ್ಪೂ ಜೊತೆಗೆ ಮುಂದೆ ಹೋಗುತ್ತೆ, ಪೂರ್ತಿ ಕ್ಯಾನ್ಸಲ್ ಆದ್ರೆ ಪ್ರಿಂಟ್ ಖರ್ಚು ಕಳೆದು ವಾಪಸ್, ಇಷ್ಟು ಬರೆದಿಡಿ. ದುಡ್ಡು ಬ್ಯಾಂಕಿಗೆ ಬರೋವರೆಗೆ ಲೋಗೋ ಪ್ರಿಂಟಿಗೆ ಹೋಗ್ಬಾರ್ದು.

ಚೈನೀಸ್ ಹೆಸರಿರೋ ಬ್ಯಾನರನ್ನ ಪ್ರಿಂಟಿಗೆ ಮುಂಚೆ ಸ್ಪಾನ್ಸರಿಗೇ ತೋರಿಸಿ ಓಕೆ ತಗೊಳ್ಳಿ. ಒಂದು ಗೆರೆ ಹೆಚ್ಚುಕಮ್ಮಿ ಆದ್ರೆ ಬೇರೆ ಅಕ್ಷರ, ನನ್ನ ಕಣ್ಣಿಗೆ ಎಲ್ಲ ಒಂದೇ. ಕ್ಯೂಆರ್ ಕೋಡ್ ವಿಷ್ಯದಲ್ಲಿ ಇನ್ನೂ ಹುಷಾರು. ನಾವು ಪೋಸ್ಟರ್ ಮೇಲೆ ವಿಚ್ಯಾಟ್ ಗ್ರೂಪಿನ ಕ್ಯೂಆರ್ ಹಾಕಿ ಎಂಬತ್ತು ಕಾಪಿ ಪ್ರಿಂಟ್ ಮಾಡಿಸಿ ಅಂಗಡಿ ಅಂಗಡಿಗೆ ಅಂಟಿಸಿ ಬಂದ್ವಿ, ಗ್ರೂಪ್ ಕೋಡು ಏಳೇ ದಿನಕ್ಕೆ ಸಾಯುತ್ತೆ, ಮೇಲಾಗಿ ಇನ್ನೂರು ಜನ ದಾಟಿದ್ರೆ ಸ್ಕ್ಯಾನ್ ಮಾಡಿ ಸೇರೋಕೇ ಆಗಲ್ಲ, ಒಳಗಿದ್ದವರು ಕರೀಬೇಕು. ಒಬ್ಬ ಕಮಿಟಿ ಮೆಂಬರಿನ ಸ್ವಂತ ಕೋಡ್ ಹಾಕಿ, ಅವರು ಎಲ್ರನ್ನೂ ಒಳಗೆ ಎಳ್ಕೊಳ್ಳಲಿ.

ಟೂರ್ನಮೆಂಟಿಗೆ ಮುಂಚಿನ ಮೂರು ವಾರ ಗ್ರೂಪಲ್ಲಿ, ಶಾವ್‌ಹಾಂಗ್‌ಶುನಲ್ಲಿ (ಚೈನೀಸ್‌ನವರ ಫೋಟೋ, ವಿಡಿಯೋ ಹಾಕೋ ಆ್ಯಪ್) ವಾರಕ್ಕೊಬ್ಬ ಸ್ಪಾನ್ಸರ್ ಬಗ್ಗೆ ಒಂದು ಪೋಸ್ಟ್ ಹಾಕಿ. ಲೋಗೋ ಹಾಕಿ "ಥ್ಯಾಂಕ್ಸ್" ಅಂದ್ರೆ ಯಾರೂ ನೋಡಲ್ಲ, ಇಡೀ ಟೀಮು ಅಲ್ಲಿ ಕೂತು ತಿಂತಿರೋ ಫೋಟೋ ಹಾಕಿ.

ಸ್ಟೆಪ್ 9: ಆಟದ ದಿನ

ಸ್ಪಾನ್ಸರ್ ನೋಡ್ಕೊಳ್ಳೋಕೆ ಅಂತಾನೇ ಆಟ ಆಡದ ಒಬ್ರನ್ನ ಇಡಿ. ನಮ್ಮಲ್ಲಿ ಅದು ನಾನೇ, ಬೇರೆ ಕೆಲ್ಸಕ್ಕೆ ಬರಲ್ಲ ಅಂತ ತೀರ್ಮಾನ ಆಗಿದೆ. ಬಂದ ತಕ್ಷಣ ಎದ್ದು ಹೋಗಿ ಕರ್ಕೊಂಡ್ಬರ್ಬೇಕು, ನೆರಳಲ್ಲಿ ಕುರ್ಚಿ, ಬಿಸಿನೀರು (ಐಸ್ ನೀರು ಅಲ್ಲ, ಹಿರಿಯರಾದ್ರೆ ಬಿಸಿನೀರೇ). ಗ್ರೂಪ್ ಫೋಟೋದಲ್ಲಿ ಟೈಟಲ್ ಸ್ಪಾನ್ಸರ್ ಸರಿಯಾಗಿ ಮಧ್ಯದಲ್ಲಿ ನಿಲ್ಬೇಕು. ಸುಮ್ನೆ ಎಲ್ರೂ ಸೇರಿ ನಿಲ್ಲಿ ಅಂದ್ರೆ ಹತ್ತು ನಿಮಿಷ "ನೀವು ಬನ್ನಿ, ಅಯ್ಯೋ ನೀವು ಬನ್ನಿ" ಅಂತ ಒಬ್ರನ್ನೊಬ್ರು ಎಳೆದಾಡ್ತಾರೆ, ನೆಲದ ಮೇಲೆ ಟೇಪಲ್ಲಿ ಗುರುತು ಹಾಕಿಡಿ. ಮೈಕಲ್ಲಿ ಹೆಸರು ಓದೋನು ಚೈನೀಸ್ ಬರೋನೇ ಆಗಿರ್ಲಿ. ಮಕ್ಕಳ ಫೋಟೋ ಹಾಕೋದಾದ್ರೆ ಅಪ್ಪ ಅಮ್ಮನ ಒಪ್ಪಿಗೆ ರಿಜಿಸ್ಟ್ರೇಷನ್ ಟೈಮಲ್ಲೇ ತಗೊಂಡಿರಿ.

ಪ್ರತಿ ಬ್ಯಾನರ್ ಮುಂದೆ ಜನ ಇರೋ ಥರ ಒಂದಾದ್ರೂ ಫೋಟೋ, ಪ್ರತಿ ಟೆಂಟಿಗೆ ಮೂರು. ಲಿಸ್ಟ್ ಮಾಡಿ ಟಿಕ್ ಹಾಕ್ತಾ ಹೋಗಿ. ಫೈನಲ್ ಗೋಲ್ ಫೋಟೋ ತಪ್ಪಿದ್ರೂ ಪರವಾಗಿಲ್ಲ, 188 ಕೊಟ್ಟ ಫಿಸಿಯೋ ಫೋಟೋ ತಪ್ಪಬಾರ್ದು.

ಸ್ಟೆಪ್ 10: ಹೊಳೆ ದಾಟಿದ ಮೇಲೆ

ಇಲ್ಲೇ ತುಂಬಾ ಜನ ಎಡವೋದು. ಕಪ್ ಗೆದ್ದಾಯ್ತು, ಕುಡಿದಾಯ್ತು, ಅಂಬಿಗನ ನೆನಪು ಮುಂದಿನ ವರ್ಷ ಮತ್ತೆ ದುಡ್ಡು ಬೇಕಾದಾಗ. ಒಂದು ವಾರದೊಳಗೆ ಎರಡು ಪುಟದ ರಿಪೋರ್ಟ್ ಕೊಡಿ: ಎಷ್ಟು ಜನ ಬಂದ್ರು, ಅವರ ಬ್ಯಾನರ್ ಫೋಟೋ, ಪೋಸ್ಟನ್ನ ಎಷ್ಟು ಜನ ನೋಡಿದ್ರು, ದುಡ್ಡು ಯಾವುದಕ್ಕೆ ಖರ್ಚಾಯ್ತು. ಕೂಪನ್ ಮೇಲೆ ಟೂರ್ನಮೆಂಟಿನ ಗುರುತು ಹಾಕಿದ್ರೆ ಎಷ್ಟು ಜನ ತಗೊಂಡ್ಬಂದ್ರು ಅಂತ ಅಂಗಡಿಯವರೇ ಎಣಿಸಿ ಹೇಳ್ತಾರೆ, ಆ ನಂಬರ್ ಕಡಿಮೆ ಬಂದ್ರೂ ಮುಚ್ಚಿಡ್ಬೇಡಿ. ಒಂದ್ಸಲ ಟ್ಯೂಷನ್ ಸೆಂಟರ್‌ಗೆ ಮೂರೇ ಕೂಪನ್ ವಾಪಸ್ ಬಂದಿದ್ವು, ಹೋಗಿ ಹೇಳಿದ್ವಿ, "ಮುಂದಿನ ಸಲ ಕೂಪನ್ ಬೇಡ, ಮಕ್ಕಳಿಗೆ ಪೆನಾಲ್ಟಿ ಶೂಟಿಂಗ್ ಕಾಂಪಿಟೇಷನ್ ನಿಮ್ಮ ಹೆಸರಲ್ಲಿ ಮಾಡೋಣ" ಅಂತ. ಅದು ಕ್ಲಿಕ್ ಆಯ್ತು, ಅಪ್ಪ ಅಮ್ಮಂದಿರು ಅವರ ಟೆಂಟ್ ಮುಂದೇನೇ ಕ್ಯೂ ನಿಂತ್ರು.

ಒಂದು ಫೋಟೋ ಫ್ರೇಮ್ ಹಾಕಿಸಿ ಖುದ್ದು ಹೋಗಿ ಕೊಡಿ, ಮತ್ತೆ ಅದೇ ಮೂರೂವರೆ ಟೈಮಿಗೆ. ಅವತ್ತು ಮುಂದಿನ ವರ್ಷದ ಮಾತು ಎತ್ಬೇಡಿ. ಮಾತು ಎತ್ತೋದು ನವೆಂಬರಲ್ಲಿ, "ಈ ವರ್ಷ ಇದ್ದವರಿಗೆ ಡಿಸೆಂಬರ್ 15ರವರೆಗೆ ಮೊದಲ ಹಕ್ಕು, ಆಮೇಲೆ ಬೇರೆಯವರನ್ನ ಕೇಳ್ತೀವಿ" ಅಂತ. ಹೋದ ಸಲ ಹಾಟ್‌ಪಾಟ್ ಲಾವ್‌ಬಾನ್ ಹತ್ರ ಹೋದಾಗ ಫ್ರೇಮು ಕ್ಯಾಶ್ ಕೌಂಟರ್ ಹಿಂದೆ ಗ್ವಾನ್ ಗೊಂಗ್ ದೇವರ ಪಕ್ಕ ನೇತು ಹಾಕಿತ್ತು, ನಾನು ಬಾಯಿ ತೆಗಿಯೋಕೆ ಮುಂಚೆ ಅವರೇ ಕೇಳಿದ್ರು, ಪಕ್ಕದ ಬೀದಿ ಹಾಟ್‌ಪಾಟ್‌ನವರು ಬಂದು ನಿಮ್ಮ ಹತ್ರ ಮಾತಾಡಿದ್ರಂತೆ, ಹೌದಾ ಅಂತ.